ಒಂದು ಬೆನ್ನುಮಣಿಯಿಂದ ಶುರು: ಪ್ರಾಚೀನ ಕಡಲ ಸರೀಸೃಪಗಳನ್ನು ಓದುವ ಬಗೆ

1868ರಲ್ಲಿ ಅಮೆರಿಕದ ಪಳೆಯುಳಿಕೆ ವಿಜ್ಞಾನಿ ಎಡ್ವರ್ಡ್ ಡ್ರಿಂಕರ್ ಕೋಪ್ ಅವರಿಗೆ ಕಾನ್ಸಾಸ್ ಬಯಲಿನಿಂದ ಪೆಟ್ಟಿಗೆಗಟ್ಟಲೆ ಮೂಳೆ ಬಂತು. ಕಡಲಲ್ಲಿ ಬದುಕಿದ್ದ ಯಾವುದೋ ದೊಡ್ಡ ಸರೀಸೃಪದ್ದು. ಕೋಪ್ ಜಾಣರು, ಆತುರದವರೂ ಹೌದು. ಮೂಳೆ ಜೋಡಿಸಿದರು, ಎಲಾಸ್ಮೋಸಾರಸ್ ಎಂದು ಹೆಸರಿಟ್ಟರು, ಚಿತ್ರ ಬರೆದು ಅಚ್ಚಿಗೂ ಕೊಟ್ಟರು. ಆಮೇಲೆ ನೋಡಿದರೆ ತಲೆಯನ್ನು ಬಾಲದ ತುದಿಗೆ ಸಿಕ್ಕಿಸಿದ್ದರು! ಅಷ್ಟುದ್ದದ ಕತ್ತು ಯಾವ ಪ್ರಾಣಿಗಾದರೂ ಇರಬಹುದು ಅಂತ ಅವರಿಗೆ ಹೊಳೆದಿರಲಿಲ್ಲ. ಕತ್ತನ್ನೇ ಬಾಲ ಎಂದುಕೊಂಡಿದ್ದರು. ಜೋಸೆಫ್ ಲೈಡಿ ಎಂಬ ಹಿರಿಯ ವಿಜ್ಞಾನಿ ತಪ್ಪು ತೋರಿಸಿದ ಮೇಲೆ, ಹಂಚಿದ್ದ ಪ್ರತಿಗಳನ್ನೆಲ್ಲ ವಾಪಸ್ ತರಿಸಿಕೊಳ್ಳಲು ಕೋಪ್ ಪಟ್ಟ ಪಾಡು ಅಷ್ಟಿಷ್ಟಲ್ಲ.

ಈ ಕಥೆಯನ್ನು ಮೊದಲೇ ಹೇಳಲು ಕಾರಣ ಇದೆ. ಈ ಪ್ರಾಣಿಗಳ ಬಗ್ಗೆ ಕಲಿಯಲು ಹೊರಡುವವರು ಸಾಮಾನ್ಯವಾಗಿ ಹಲ್ಲಿನಿಂದಲೋ, ಉದ್ದದಿಂದಲೋ, ಯಾವುದು ಯಾವುದನ್ನು ತಿನ್ನುತ್ತಿತ್ತು ಎಂಬುದರಿಂದಲೋ ಶುರು ಮಾಡುತ್ತಾರೆ. ನಾನೂ ಹಾಗೇ ಮಾಡಿದ್ದೆ. ಎರಡು ವರ್ಷ ಹೆಸರು ಬಾಯಿಪಾಠ ಮಾಡಿದ್ದಷ್ಟೇ ಬಂತು. ಈಗ ಯಾರಾದರೂ ಕೇಳಿದರೆ ನಾನು ಹೇಳುವುದು ಒಂದೇ ಮಾತು: ಬೆನ್ನುಮೂಳೆಯ ಒಂದು ಮಣಿಯಿಂದ ಶುರು ಮಾಡಿ. ಶಾಲೆಯ ಪುಸ್ತಕದಲ್ಲಿ ಅದಕ್ಕೆ ಕಶೇರುಮಣಿ ಅಂತ ಹೆಸರು. ಇಲ್ಲಿ ನಾನು ಬರೀ ಮಣಿ ಅಂತಲೇ ಕರೆಯುತ್ತೇನೆ.

ಬೇಕಾಗುವ ಸಾಮಾನು ಕಡಿಮೆ. ಒಂದು ನೋಟ್‌ಬುಕ್, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಕೈಮಸೂರ, ದರ್ಜಿಯ ಟೇಪು, ಇಂಟರ್ನೆಟ್ ಇರುವ ಫೋನು. ಮತ್ತೆ ಸ್ವಲ್ಪ ಮೀನು.

ಹಂತ 1: ಯಾರು ಯಾರೆಂದು ಬೇರೆ ಮಾಡಿಕೊಳ್ಳಿ

ಮೊದಲಿಗೆ, ಇವು ಯಾವುವೂ ಡೈನೋಸಾರ್ ಅಲ್ಲ. ಡೈನೋಸಾರ್‌ಗಳ ಕಾಲದಲ್ಲೇ ಕಡಲಲ್ಲಿದ್ದ ಬೇರೆ ಬೇರೆ ವಂಶಗಳು. ಒಂದೇ ವಂಶವೂ ಅಲ್ಲ ಎಂಬುದು ಇನ್ನೂ ಮುಖ್ಯ. ನೆಲದ ಮೇಲಿದ್ದ ಸರೀಸೃಪಗಳು ಹಲವು ಸಲ, ಬೇರೆ ಬೇರೆ ಹೊತ್ತಿನಲ್ಲಿ ನೀರಿಗೆ ಇಳಿದಿವೆ.

ಮೂರು ಗುಂಪನ್ನು ಗಟ್ಟಿ ಮಾಡಿಕೊಂಡರೆ ಸದ್ಯಕ್ಕೆ ಸಾಕು. ಇಕ್ಥಿಯೋಸಾರ್: ನೋಡಲು ಡಾಲ್ಫಿನ್ ಹಾಗೆ, ಉದ್ದ ಮೂತಿ, ದೊಡ್ಡ ಕಣ್ಣು. ಪ್ಲೀಸಿಯೋಸಾರ್: ಅಗಲ ಮೈ, ದೋಣಿಯ ಹುಟ್ಟಿನಂಥ ನಾಲ್ಕು ಕೈಕಾಲು. ಇವುಗಳಲ್ಲಿ ಕೆಲವಕ್ಕೆ ಉದ್ದ ಕತ್ತು, ಸಣ್ಣ ತಲೆ, ಕೋಪ್ ಅವರ ಎಲಾಸ್ಮೋಸಾರಸ್ ಹಾಗೆ. ಇನ್ನು ಕೆಲವಕ್ಕೆ ಗಿಡ್ಡ ಕತ್ತು, ಭಾರೀ ತಲೆ. ಈ ಎರಡನೇ ತರದ ದೈತ್ಯರಿಗೆ ಪ್ಲಿಯೋಸಾರ್ ಅನ್ನುತ್ತಾರೆ. ಮೂರನೆಯದು ಮೋಸಸಾರ್. ಇದು ನಮ್ಮ ಉಡದ ದೂರದ ನೆಂಟ, ಹಲ್ಲಿ ಹಾವುಗಳ ಬಳಗ. ಕಡಲ ಮೊಸಳೆ, ಕಡಲಾಮೆ, ಚಿಪ್ಪು ಜಜ್ಜಿ ತಿನ್ನುತ್ತಿದ್ದ ಪ್ಲಾಕೊಡಾಂಟ್ ಇತ್ಯಾದಿ ಇನ್ನೂ ಇವೆ. ಆಮೇಲೆ ನೋಡಿಕೊಳ್ಳಬಹುದು.

ಹಂತ 2: ಗೋಡೆ ಮೇಲೆ ಕಾಲ ಅಳೆಯಿರಿ

ಟೇಪು ತೆಗೆದುಕೊಳ್ಳಿ. ಒಂದು ಸೆಂಟಿಮೀಟರ್ ಅಂದರೆ ಹತ್ತು ಲಕ್ಷ ವರ್ಷ ಎಂದು ಲೆಕ್ಕ ಹಾಕಿ. ಗೋಡೆಯ ಒಂದು ಮೂಲೆಯೇ ಇವತ್ತು. ಅಲ್ಲಿಂದ 252 ಸೆಂ.ಮೀ. ದೂರದಲ್ಲಿ ಪೆನ್ಸಿಲಿನಿಂದ ಗೆರೆ ಹಾಕಿ. ಅದು 25.2 ಕೋಟಿ ವರ್ಷದ ಹಿಂದಿನ ಮಹಾವಿನಾಶ. ಕಡಲಿನ ಬಹುಪಾಲು ಜೀವಜಾತಿಗಳು ಆಗ ಅಳಿದವು. ಇಕ್ಥಿಯೋಸಾರ್ ಅಲ್ಲಿಂದ ಎರಡು ಮೂರು ಸೆಂ.ಮೀ. ಈಚೆಗೇ ಕಾಣಿಸಿಕೊಳ್ಳುತ್ತದೆ, ಸುಮಾರು 90ರ ಗೆರೆಯ ಹತ್ತಿರ ಮುಗಿದುಹೋಗುತ್ತದೆ. ಪ್ಲೀಸಿಯೋಸಾರ್ 200ರ ಗೆರೆಗಿಂತ ತುಸು ಆಚೆ ಶುರುವಾಗಿ 66ರ ತನಕ ಬರುತ್ತದೆ. ಮೋಸಸಾರ್ 100ರ ಈಚೆ ಹುಟ್ಟಿ, ಅದೂ 66ಕ್ಕೇ ನಿಲ್ಲುತ್ತದೆ. 66 ಅಂದರೆ ಆಕಾಶದಿಂದ ಬಂಡೆ ಬಿದ್ದು ಡೈನೋಸಾರ್‌ಗಳೂ ಮುಗಿದ ಹೊತ್ತು. ನಮ್ಮ ಮನುಷ್ಯ ಜಾತಿಗೆ ಸುಮಾರು ಮೂರು ಮಿಲಿಮೀಟರ್ ಸಿಗುತ್ತದೆ.

ಗೆರೆ ಎಳೆದ ಮೇಲೆ ಒಂದು ವಿಷಯ ತಾನಾಗಿ ಕಣ್ಣಿಗೆ ಬೀಳುತ್ತದೆ. ಚಿತ್ರಗಳಲ್ಲಿ ಇಕ್ಥಿಯೋಸಾರ್ ಮತ್ತು ಭಾರೀ ಮೋಸಸಾರ್ ಒಟ್ಟಿಗೆ ಕಾದಾಡುವುದನ್ನು ತೋರಿಸುತ್ತಾರೆ, ಅಲ್ವಾ? ಮೋಸಸಾರ್ ದೊಡ್ಡದಾಗುವ ಹೊತ್ತಿಗೆ ಇಕ್ಥಿಯೋಸಾರ್ ಇರಲೇ ಇಲ್ಲ.

ಹಂತ 3: ಅಡುಗೆಮನೆಯಲ್ಲಿ ಮೊದಲ ಪಾಠ

ಮುಂದಿನ ಸಲ ಮನೆಗೆ ಅಂಜಲ್ ಅಥವಾ ಬಂಗುಡೆ ತಂದಾಗ ಊಟವಾದ ಮೇಲೆ ಬೆನ್ನುಮೂಳೆಯನ್ನು ಎಸೆಯಬೇಡಿ. ಬಿಸಿನೀರಲ್ಲಿ ಹಾಕಿ, ಹಳೇ ಹಲ್ಲುಜ್ಜುವ ಬ್ರಶ್ಶಿನಲ್ಲಿ ತಿಕ್ಕಿ ಒಣಗಿಸಿ. ಮಣಿಗಳು ಬಿಡಿ ಬಿಡಿಯಾಗಿ ಬರುತ್ತವೆ. ಒಂದನ್ನು ಕೈಯಲ್ಲಿ ಹಿಡಿದು ನೋಡಿ: ಎರಡೂ ಕಡೆ ಬಟ್ಟಲಿನ ಹಾಗೆ ತಗ್ಗು, ನಡುವೆ ಸಣ್ಣ ತೂತು. ಮೇಲಿನ ಮುಳ್ಳು ಮಣಿಗೆ ಅಂಟಿಕೊಂಡೇ ಇರುತ್ತದೆ. ಮೀನು ತರದ ಮನೆಯವರು ಬೇಸರ ಮಾಡಿಕೊಳ್ಳಬೇಕಿಲ್ಲ. ಮಾರ್ಫೋಸೋರ್ಸ್, ಸ್ಕೆಚ್‌ಫ್ಯಾಬ್ ಜಾಲತಾಣಗಳಲ್ಲಿ ಮೂಳೆಗಳ ಮೂರು ಆಯಾಮದ ಮಾದರಿಗಳಿವೆ. ಫೋನಿನಲ್ಲೇ ತಿರುಗಿಸಿ ನೋಡಬಹುದು. ಆದರೆ ಕೈಯಲ್ಲಿ ಹಿಡಿದು ಕಲಿತದ್ದು ಮರೆಯುವುದಿಲ್ಲ ಎಂಬುದು ನನ್ನ ಅನುಭವ.

ಈಗ ಮೂರು ಗುಂಪಿನ ಮಣಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಚಿತ್ರವಾದರೂ ಸರಿ.

ಇಕ್ಥಿಯೋಸಾರ್ ಮಣಿಯಲ್ಲೂ ಎರಡೂ ಕಡೆ ತಗ್ಗಿದೆ. ಆದ್ದರಿಂದಲೇ ಹೊಸಬರು ಮೀನಿನದೆಂದು ತಿಳಿಯುತ್ತಾರೆ. ಆದರೆ ಇದು ಅಗಲ ಜಾಸ್ತಿ, ದಪ್ಪ ಕಡಿಮೆ ಇರುವ ಬಿಲ್ಲೆ. ಬೆನ್ನುಹುರಿಯ ಮೇಲಿನ ಕಮಾನು ಮಣಿಗೆ ಬೆಸೆದುಕೊಂಡಿರುವುದಿಲ್ಲ. ಕಮಾನು ಕೂರುತ್ತಿದ್ದ ಎರಡು ಗುರುತು ಮಾತ್ರ ಮೇಲ್ಭಾಗದಲ್ಲಿ ಉಳಿದಿರುತ್ತವೆ. ಪಕ್ಕದಲ್ಲಿ ಪಕ್ಕೆಲುಬು ಕೂರುವ ಸಣ್ಣ ಉಬ್ಬುಗಳಿರುತ್ತವೆ. ಜುರಾಸಿಕ್ ಕಾಲದ (ನಮ್ಮ ಗೋಡೆಯಲ್ಲಿ ಸುಮಾರು 200ರಿಂದ 145ರ ತನಕ) ಇಕ್ಥಿಯೋಸಾರ್‌ಗಳಲ್ಲಿ ಮೈಯ ಮುಂಭಾಗದ ಮಣಿಗೆ ಒಂದೊಂದು ಪಕ್ಕದಲ್ಲಿ ಇಂಥ ಎರಡು ಉಬ್ಬು. ಹಿಂದೆ ಹೋದಂತೆ ಅವು ಕೆಳಗೆ ಜಾರುತ್ತ ಬಾಲದ ಹತ್ತಿರ ಒಂದೇ ಆಗುತ್ತವೆ. ಅಂದರೆ ಒಂದೇ ಒಂದು ಮಣಿ ಸಿಕ್ಕರೂ ಅದು ಎದೆಯದೋ ಬಾಲದ್ದೋ ಅಂತ ಹೇಳಬಹುದು!

ಪ್ಲೀಸಿಯೋಸಾರ್ ಮಣಿಯ ಎರಡೂ ಮುಖ ಹೆಚ್ಚುಕಡಿಮೆ ಚಪ್ಪಟೆ, ಸ್ವಲ್ಪ ತಗ್ಗು. ತಿರುಗಿಸಿ ಕೆಳಭಾಗ ನೋಡಿದರೆ ಜೋಡಿ ತೂತು. ರಕ್ತನಾಳ ಹೋಗುತ್ತಿದ್ದ ದಾರಿ ಅದು. ಮೋಸಸಾರ್ ಮಣಿ ಇನ್ನೂ ಸುಲಭ. ಮುಂದೆ ಗುಳಿ, ಹಿಂದೆ ಗುಂಡು. ಒಂದರ ಗುಂಡು ಇನ್ನೊಂದರ ಗುಳಿಯಲ್ಲಿ ಕೂರುತ್ತದೆ. ಉಡದ ಬೆನ್ನುಮೂಳೆಯಲ್ಲೂ ಇದೇ ಏರ್ಪಾಡು.

ಕೋಪ್ ತಪ್ಪಿದ್ದೆಲ್ಲಿ ಅಂತ ಈಗ ನೋಡಬಹುದು. ಬಾಲದ ಮಣಿಗಳ ಕೆಳಗೆ ಇಂಗ್ಲಿಷಿನ ‘ವಿ’ ಆಕಾರದ ಪುಟ್ಟ ಮೂಳೆಗಳು ತಗುಲಿಕೊಂಡಿರುತ್ತವೆ. ಅವು ಕೂರುವ ಗುರುತು ಮಣಿಯ ಅಂಚಿನಲ್ಲಿ ಇರುತ್ತದೆ. ಕತ್ತಿನ ಮಣಿಯಲ್ಲಿ ಅದಿಲ್ಲ, ಬದಲಿಗೆ ಪಕ್ಕದಲ್ಲಿ ಕತ್ತಿನ ಪಕ್ಕೆಲುಬಿನ ಗುರುತು ಇರುತ್ತದೆ. ಎಲಾಸ್ಮೋಸಾರಸ್‌ನ ಕತ್ತಿನಲ್ಲಿ ಇಂಥ 72 ಮಣಿ ಇದ್ದವು. ನಮ್ಮ ಕತ್ತಿನಲ್ಲಿ ಏಳು, ಜಿರಾಫೆಗೂ ಏಳೇ. ಕೋಪ್ ಅವರಿಗೆ ನಂಬಲು ಕಷ್ಟವಾಗಿದ್ದರಲ್ಲಿ ಆಶ್ಚರ್ಯವಿಲ್ಲ.

ಮಣಿಯೊಂದರಿಂದ ಒಂದು ಇಡೀ ಬಾಲ ಬಯಲಾದ ಕಥೆಯೂ ಇದೆ. ಮೊದಮೊದಲು ಸಿಕ್ಕ ಇಕ್ಥಿಯೋಸಾರ್ ಅಸ್ಥಿಪಂಜರಗಳಲ್ಲಿ ಬಾಲ ತುದಿಯ ಹತ್ತಿರ ಕೆಳಕ್ಕೆ ಬಾಗಿತ್ತು. ಸತ್ತ ಮೇಲೆ ಮುರಿದಿರಬೇಕು ಅಂದುಕೊಳ್ಳುವುದು ಸಹಜ. ಆದರೆ ಎಷ್ಟೋ ಪ್ರಾಣಿಗಳಲ್ಲಿ ಬಾಗಿದ್ದು ಒಂದೇ ಜಾಗದಲ್ಲಿ. ಅಲ್ಲೊಂದು ಬಾಲದ ರೆಕ್ಕೆ ಇದ್ದಿರಬೇಕು ಎಂದು ಇಂಗ್ಲೆಂಡಿನ ವಿಜ್ಞಾನಿ ರಿಚರ್ಡ್ ಓವನ್ 1838ರ ಹೊತ್ತಿಗೇ ಊಹಿಸಿದರು. ಬಾಗಿದ ಜಾಗದ ಮಣಿಗಳು ಬೆಣೆಯ ಆಕಾರದಲ್ಲಿರುತ್ತವೆ, ಅಂದರೆ ಆ ಬಾಗು ಹುಟ್ಟಿನಿಂದಲೇ ಬಂದದ್ದು. 1890ರ ದಶಕದಲ್ಲಿ ಜರ್ಮನಿಯ ಹೋಲ್ಟ್ಸ್‌ಮಾಡನ್ ಕಲ್ಲುಗಣಿಗಳಿಂದ ಚರ್ಮದ ಅಂಚು ಕೂಡ ಅಚ್ಚಾಗಿ ಉಳಿದ ಇಕ್ಥಿಯೋಸಾರ್‌ಗಳು ಹೊರಬಂದವು. ಬೆನ್ನ ಮೇಲೆ ರೆಕ್ಕೆ, ಹಿಂದೆ ಅರ್ಧಚಂದ್ರದಂಥ ಬಾಲ. ಶಾರ್ಕ್‌ನಲ್ಲಿ ಬೆನ್ನುಮೂಳೆ ಬಾಲದ ಮೇಲಿನ ಭಾಗಕ್ಕೆ ಹೋಗುತ್ತದೆ, ಇಲ್ಲಿ ಕೆಳಗಿನ ಭಾಗಕ್ಕೆ.

ಹಂತ 4: ಕೈ ಹೇಗೆ ದೋಣಿಯ ಹುಟ್ಟಾಯಿತು

ನಿಮ್ಮ ಕೈಯನ್ನೇ ಕಾಗದದ ಮೇಲಿಟ್ಟು ಬಾಹ್ಯರೇಖೆ ಬರೆಯಿರಿ. ಒಳಗೆ ಮೂಳೆಗಳನ್ನು ತುಂಬಿ: ತೋಳಿಗೆ ಒಂದು, ಮುಂಗೈಗೆ ಎರಡು, ಮಣಿಕಟ್ಟಿನ ಸಣ್ಣವು, ಆಮೇಲೆ ಬೆರಳು. ಪಕ್ಕದಲ್ಲಿ ಇಕ್ಥಿಯೋಸಾರ್ ಕೈ ಬರೆಯಿರಿ. ಮೂಳೆ ಅವೇ. ಆದರೆ ತೋಳಿನ ಮೂಳೆ ಗಿಡ್ಡವಾಗಿ ಅಗಲವಾಗಿದೆ. ಮುಂಗೈಯ ಎರಡು ಮೂಳೆ ಬಿಲ್ಲೆಗಳಾಗಿವೆ. ಬೆರಳಿನ ಮೂಳೆಗಳು ನೆಲಕ್ಕೆ ಹಾಸಿದ ಕಲ್ಲಿನ ಹಾಗೆ ಒಂದಕ್ಕೊಂದು ಒತ್ತಿ ಕೂತಿವೆ. ನಮ್ಮ ಬೆರಳಲ್ಲಿ ಮೂರು ಮೂಳೆ ಇದ್ದರೆ, ಕೆಲವು ಇಕ್ಥಿಯೋಸಾರ್‌ಗಳಲ್ಲಿ ಒಂದೇ ಬೆರಳಿಗೆ 20ಕ್ಕೂ ಹೆಚ್ಚು. ಕೆಲವಕ್ಕೆ ಐದಕ್ಕಿಂತ ಜಾಸ್ತಿ ಬೆರಳು ಬೇರೆ.

ಇದನ್ನು ಮೂರು ಗುಂಪಿಗೂ ಮಾಡಿ. ಒಂದು ಸಂಜೆಯ ಕೆಲಸ. ಕಡಲಿಗೆ ಇಳಿದವರೆಲ್ಲ ಹುಟ್ಟು ಮಾಡಿಕೊಂಡರು, ಆದರೆ ಪ್ರತಿಯೊಬ್ಬರೂ ಬೇರೆ ದಾರಿಯಲ್ಲಿ ಮಾಡಿಕೊಂಡರು ಎಂಬುದು ಬರೆದವರಿಗೆ ಮಾತ್ರ ಸರಿಯಾಗಿ ಕಾಣುತ್ತದೆ.

ಹಂತ 5: ಕಲ್ಲಿನ ವಯಸ್ಸು ಹೇಳುವ ಸಾಲಿಗ್ರಾಮ

ಮೂಳೆಯನ್ನು ನೋಡಿದರೆ ವಯಸ್ಸು ತಿಳಿಯುವುದಿಲ್ಲ. ಅದು ಕೂತಿದ್ದ ಕಲ್ಲಿನ ಪದರ ಯಾವುದೆಂದು ತಿಳಿಯಬೇಕು. ಕಡಲ ಪದರಗಳಿಗೆ ಇದನ್ನು ಹೇಳುವ ಮುಖ್ಯ ಸಾಕ್ಷಿ ಅಮೋನೈಟ್. ಇದು ಸುರುಳಿ ಚಿಪ್ಪಿನ, ಸ್ಕ್ವಿಡ್ (ಬೊಂಡಾಸ್) ಬಳಗದ ಜೀವಿ. ನಮ್ಮಲ್ಲಿ ಅನೇಕ ಮನೆಗಳಲ್ಲಿ ಇದು ದೇವರ ಪೆಟ್ಟಿಗೆಯಲ್ಲೇ ಇದೆ. ನೇಪಾಳದ ಕಾಳಿ ಗಂಡಕಿ ನದಿಯಿಂದ ಬರುವ ಸಾಲಿಗ್ರಾಮದೊಳಗಿನ ಚಕ್ರ ಅಂದರೆ ಹೆಚ್ಚಾಗಿ ಜುರಾಸಿಕ್ ಕಾಲದ ಅಮೋನೈಟ್. ಹಿಮಾಲಯ ಏಳುವ ಮುಂಚೆ ಅಲ್ಲಿ ಕಡಲಿತ್ತು. ನಮ್ಮಜ್ಜಿ ದಿನಾ ಅಭಿಷೇಕ ಮಾಡುತ್ತಿದ್ದ ಕಲ್ಲು ಇಕ್ಥಿಯೋಸಾರ್‌ನ ಓರಗೆಯದು ಅಂತ ನನಗೆ ಗೊತ್ತಾದದ್ದು ಬಹಳ ತಡವಾಗಿ.

ಅಮೋನೈಟ್‌ಗಳ ಗುಣ ಏನೆಂದರೆ, ಅವುಗಳ ಜಾತಿಗಳು ಬೇಗ ಬೇಗ ಬದಲಾದವು, ಕಡಲಿನಲ್ಲಿ ದೂರದೂರಕ್ಕೆ ಹರಡಿದವು. ಕೆಲವು ಜಾತಿ ಬದುಕಿದ್ದು ಹತ್ತು ಲಕ್ಷ ವರ್ಷಕ್ಕೂ ಕಡಿಮೆ. ನಮ್ಮ ಗೋಡೆಯ ಲೆಕ್ಕದಲ್ಲಿ ಒಂದು ಸೆಂಟಿಮೀಟರ್‌ಗಿಂತ ಕಡಿಮೆ! ಆದ್ದರಿಂದ ಮೂಳೆಯ ಪಕ್ಕ ಯಾವ ಅಮೋನೈಟ್ ಇತ್ತು ಎಂದು ಬರೆದಿಡದೆ ಮೂಳೆಯನ್ನಷ್ಟೇ ಕಿತ್ತು ತಂದರೆ ಅರ್ಧ ಮಾಹಿತಿ ಅಲ್ಲೇ ಬಿಟ್ಟು ಬಂದ ಹಾಗೆ.

ಹಂತ 6: ಒಂದು ಸಂಶೋಧನಾ ಲೇಖನವನ್ನು ಪೂರ್ತಿ ಓದಿ

ಒಂದೇ ಒಂದು ಸಾಕು, ಆದರೆ ಕೊನೆತನಕ ಓದಿ. ನಾನು ಹೇಳುವುದು ಗುಜರಾತಿನ ಕಛ್‌ನಲ್ಲಿ ಲೋಡಾಯಿ ಹಳ್ಳಿಯ ಹತ್ತಿರ ಸಿಕ್ಕ ಇಕ್ಥಿಯೋಸಾರ್ ಬಗ್ಗೆ 2017ರಲ್ಲಿ ಪ್ಲಾಸ್ ಒನ್ ಪತ್ರಿಕೆಯಲ್ಲಿ ಬಂದ ಲೇಖನ. ದೆಹಲಿ ವಿಶ್ವವಿದ್ಯಾಲಯದ ಗುಂಟುಪಲ್ಲಿ ಪ್ರಸಾದ್ ಮತ್ತು ಸಂಗಡಿಗರದು. ಭಾರತದ ಜುರಾಸಿಕ್ ಪದರದಲ್ಲಿ ಸಿಕ್ಕ ಮೊದಲ ಇಕ್ಥಿಯೋಸಾರ್ ಇದು, ಸುಮಾರು 15 ಕೋಟಿ ವರ್ಷ ಹಳೆಯದು. ಯಾರು ಬೇಕಾದರೂ ದುಡ್ಡು ಕೊಡದೆ ಓದಬಹುದು, ಚಿತ್ರಗಳೂ ದೊಡ್ಡವು.

ಓದುವಾಗ ಮೊದಲು ಚಿತ್ರ, ಅದರ ಕೆಳಗಿನ ಸಾಲು, ಆಮೇಲೆ ಮೂಳೆಗಳ ವಿವರಣೆ ನೋಡಿ. ಗೊತ್ತಿಲ್ಲದ ಮೂಳೆ ಹೆಸರು ಬಂದಾಗಲೆಲ್ಲ ನೋಟ್‌ಬುಕ್ಕಿನಲ್ಲಿ ಚಿತ್ರ ಸಹಿತ ಬರೆದುಕೊಳ್ಳಿ. ನನಗೆ ಮೊದಲ ಲೇಖನಕ್ಕೆ ಹದಿನೈದು ದಿನ ಹಿಡಿಯಿತು, ಎರಡನೆಯದಕ್ಕೆ ಮೂರು. ಪ್ರತಿ ಪುಟದಲ್ಲೂ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ‘ಇದು ಇವರಿಗೆ ಹೇಗೆ ಗೊತ್ತಾಯಿತು?’ ವಯಸ್ಸು ಹೇಗೆ ತಿಳಿಯಿತು? ಪಕ್ಕದ ಪಳೆಯುಳಿಕೆಗಳಿಂದ. ಗಟ್ಟಿ ಚಿಪ್ಪಿನ ಜೀವಿ ತಿನ್ನುತ್ತಿತ್ತು ಅಂತ ಹೇಗೆ ಹೇಳಿದರು? ಹಲ್ಲಿನ ಸವೆತದಿಂದ. ಉದ್ದ ಸುಮಾರು 5.5 ಮೀಟರ್ ಎಂಬುದು ಅಳತೆಯೋ ಅಂದಾಜೋ? ಅಸ್ಥಿಪಂಜರ ಪೂರ್ತಿ ಇಲ್ಲ, ಆದ್ದರಿಂದ ಅಂದಾಜು.

ಉದ್ದದ ಮಾತು ಬಂದಾಗ ಸ್ವಲ್ಪ ಹುಷಾರಾಗಿರಿ. 2024ರಲ್ಲಿ ಇಕ್ಥಿಯೋಟೈಟನ್ ಎಂಬ ಇಕ್ಥಿಯೋಸಾರ್ ಒಂದರ ಹೊಸ ಹೆಸರು ಸುದ್ದಿಯಾಯಿತು. ಇಂಗ್ಲೆಂಡಿನ ಸಾಮರ್‌ಸೆಟ್ ಕಡಲತೀರದಲ್ಲಿ 2020ರಲ್ಲಿ ಅಪ್ಪನ ಜೊತೆ ಹೋಗಿದ್ದ 11 ವರ್ಷದ ಹುಡುಗಿಯ ಕಣ್ಣಿಗೂ ಅದರ ದವಡೆಯ ತುಂಡು ಬಿದ್ದಿತ್ತು. 25 ಮೀಟರ್, ನೀಲಿ ತಿಮಿಂಗಿಲದಷ್ಟು ಅಂತ ಎಲ್ಲ ಕಡೆ ಬಂತು. ಸಿಕ್ಕಿದ್ದು ದವಡೆಯ ಮೂಳೆ, ಎರಡು ಮೀಟರಿಗೂ ಉದ್ದ. ಮಿಕ್ಕ ಮೈ ಸಿಕ್ಕಿಲ್ಲ. ಹತ್ತಿರದ ನೆಂಟರ ದವಡೆಗೂ ಮೈಗೂ ಇರುವ ಅನುಪಾತ ನೋಡಿ ಲೆಕ್ಕ ಹಾಕಿದ್ದಾರೆ. ಲೆಕ್ಕ ತಪ್ಪು ಅಂತಲ್ಲ, ದವಡೆ ನಿಜಕ್ಕೂ ಭಯಂಕರ ದೊಡ್ಡದು. ಆದರೆ 25ರ ಪಕ್ಕದಲ್ಲಿ ‘ಒಂದೇ ಮೂಳೆಯಿಂದ’ ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.

ಹಂತ 7: ವಂಶವೃಕ್ಷವನ್ನು ಕೈಯಾರೆ ಕಟ್ಟಿ

ವಿಕಾಸದ ಬಗ್ಗೆ ಎಷ್ಟು ಓದಿದರೂ ಒಂದು ಸಲ ಕೈಯಾರೆ ಕಟ್ಟಿದಷ್ಟು ಅರ್ಥವಾಗುವುದಿಲ್ಲ. ಚೌಕದ ಹಾಳೆ ತೆಗೆದುಕೊಳ್ಳಿ. ಅಡ್ಡಸಾಲಿನಲ್ಲಿ ನಾಲ್ಕು ಪ್ರಾಣಿ: ಉಡ, ಮೋಸಸಾರ್, ಇಕ್ಥಿಯೋಸಾರ್, ಡಾಲ್ಫಿನ್. ಉದ್ದಸಾಲಿನಲ್ಲಿ ಲಕ್ಷಣಗಳು. ಇದ್ದರೆ 1, ಇಲ್ಲದಿದ್ದರೆ 0.

ಹುಟ್ಟಿನಂಥ ಕೈ: ಉಡಕ್ಕೆ 0, ಮಿಕ್ಕ ಮೂವರಿಗೂ 1. ಅಗಲವಾದ ಬಾಲದ ರೆಕ್ಕೆ: ಮತ್ತೆ ಹಾಗೇ. ಇಷ್ಟಕ್ಕೇ ನಿಲ್ಲಿಸಿದರೆ ಮೋಸಸಾರ್, ಇಕ್ಥಿಯೋಸಾರ್, ಡಾಲ್ಫಿನ್ ಒಂದೇ ಮನೆಯವರು ಅಂತಾಗುತ್ತದೆ. ಇನ್ನೆರಡು ಲಕ್ಷಣ ಸೇರಿಸಿ. ಮುಂದೆ ಗುಳಿ ಹಿಂದೆ ಗುಂಡು ಇರುವ ಮಣಿ: ಉಡಕ್ಕೆ 1, ಮೋಸಸಾರ್‌ಗೆ 1, ಮಿಕ್ಕವರಿಗೆ 0. ಕೆಳದವಡೆಯನ್ನು ತಲೆಬುರುಡೆಗೆ ಜೋಡಿಸುವ, ಹಿಂದೆ ಮುಂದೆ ಆಡುವ ಮೂಳೆ: ಉಡ ಮತ್ತು ಮೋಸಸಾರ್‌ಗೆ 1. ಈಗ ಎರಡಕ್ಕೆ ಎರಡು ಸಮ. ಯಾವುದನ್ನು ನಂಬುವುದು?

ಈ ಇಕ್ಕಟ್ಟಿಗೆ ಸಿಕ್ಕಿಕೊಳ್ಳುವುದೇ ಈ ಹಂತದ ಉದ್ದೇಶ. ನೀರಲ್ಲಿ ವೇಗವಾಗಿ ಈಜಬೇಕಾದರೆ ಇರಬಹುದಾದ ಆಕಾರಗಳು ಕೆಲವೇ. ಆದ್ದರಿಂದ ನೆಂಟಸ್ತನ ಇಲ್ಲದವರೂ ಒಂದೇ ತರ ಕಾಣುತ್ತಾರೆ. ಡಾಲ್ಫಿನ್ ಬಾಲ ಮಲಗಿದೆ, ಮೇಲೆ ಕೆಳಗೆ ಬಡಿಯುತ್ತದೆ. ಇಕ್ಥಿಯೋಸಾರ್ ಬಾಲ ನಿಂತಿದೆ, ಅಕ್ಕಪಕ್ಕ ಬಡಿಯುತ್ತದೆ. ‘ಬಾಲದ ರೆಕ್ಕೆ’ ಅಂತ ಒಂದೇ ಸಾಲಿನಲ್ಲಿ ಬರೆದದ್ದೇ ನಮ್ಮ ತಪ್ಪು. ಹಾಗೆಂದು ಮಣಿಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ, ಇವತ್ತಿನ ಮೊಸಳೆಗೂ ಮುಂದೆ ಗುಳಿ ಹಿಂದೆ ಗುಂಡಿನ ಮಣಿಯೇ ಇದೆ. ಅದಕ್ಕೇ ಸಂಶೋಧಕರು ನೂರಾರು ಲಕ್ಷಣ ಸೇರಿಸುತ್ತಾರೆ, ಅತಿ ಕಡಿಮೆ ಬದಲಾವಣೆಯಲ್ಲಿ ಎಲ್ಲವನ್ನೂ ವಿವರಿಸುವ ಮರವನ್ನು ಕಂಪ್ಯೂಟರಿನಿಂದ ಹುಡುಕಿಸುತ್ತಾರೆ. ಮೆಸ್ಕ್ವೈಟ್, ಟಿಎನ್‌ಟಿ ಎಂಬ ತಂತ್ರಾಂಶಗಳು ಉಚಿತ. ಮಾರ್ಫೋಬ್ಯಾಂಕ್‌ನಲ್ಲಿ ಅಂಥ ಪಟ್ಟಿಗಳು ಸಿಗುತ್ತವೆ. ಒಂದನ್ನು ಇಳಿಸಿಕೊಂಡು ಒಂದೆರಡು ಲಕ್ಷಣ ಅಳಿಸಿ ಮತ್ತೆ ಓಡಿಸಿ. ಕೆಲವು ಕೊಂಬೆ ಅಲ್ಲಾಡುವುದಿಲ್ಲ, ಕೆಲವು ಜಾಗ ಬದಲಿಸುತ್ತವೆ. ಎಷ್ಟು ನಂಬಬಹುದು ಅಂತ ಅಲ್ಲೇ ತಿಳಿಯುತ್ತದೆ.

ಮರದಲ್ಲಿ ಸಣ್ಣ ಕೊಂಬೆಗಳೇ ಜಾಸ್ತಿ ಮಾತಾಡುತ್ತವೆ. ಪ್ಲೀಸಿಯೋಸಾರ್ ಹಿಂದಿನ ನೋಥೋಸಾರ್‌ಗಳಿಗೆ ಇನ್ನೂ ಬೆರಳು ಕಾಣುವ ಕೈಕಾಲಿತ್ತು. ಅಮೆರಿಕದ ಡಲ್ಲಾಸ್ ಬಳಿ ಸಿಕ್ಕ ಡಲ್ಲಾಸಾರಸ್ ಒಂದು ಮೀಟರಿನ ಪುಟ್ಟ ಪ್ರಾಣಿ, ಮೋಸಸಾರ್ ವಂಶದ ಆರಂಭದ ದಿನಗಳದ್ದು. ಇಕ್ಥಿಯೋಸಾರ್ ಮಾತ್ರ ಕೈಗೆ ಸಿಗದೆ ಆಡಿಸುತ್ತದೆ. ನೆಲದ ಮೇಲಿನ ಅದರ ಪೂರ್ವಜ ಯಾರೆಂದು ಇವತ್ತಿಗೂ ತೀರ್ಮಾನವಾಗಿಲ್ಲ. 2023ರಲ್ಲಿ ಆರ್ಕ್ಟಿಕ್‌ನ ಸ್ಪಿಟ್ಸ್‌ಬರ್ಗನ್ ದ್ವೀಪದಿಂದ, ಮಹಾವಿನಾಶವಾಗಿ ಬರೀ 20 ಲಕ್ಷ ವರ್ಷದ ನಂತರದ ಇಕ್ಥಿಯೋಸಾರ್ ಸುದ್ದಿ ಬಂತು. ಸಿಕ್ಕಿದ್ದು ಏನು ಹೇಳಿ? ಬಾಲದ 11 ಮಣಿಗಳು. ಅವು ಆಗಲೇ ಪೂರ್ತಿ ಕಡಲಿಗೆ ಒಗ್ಗಿದ ಪ್ರಾಣಿಯವು. ಹಾಗಾದರೆ ವಂಶ ಮಹಾವಿನಾಶಕ್ಕೂ ಮುಂಚೆಯೇ ನೀರಿಗೆ ಇಳಿದಿರಬೇಕು ಎಂಬುದು ಆ ಸಂಶೋಧಕರ ವಾದ.

ಹಂತ 8: ಬದುಕಿದ್ದಾಗ ಏನು ಮಾಡುತ್ತಿತ್ತು?

ಹೊಟ್ಟೆಯೊಳಗೆ ಸಣ್ಣ ಮೂಳೆಗಳು ಕಂಡರೆ ಎರಡು ಸಾಧ್ಯತೆ: ಮರಿ ಅಥವಾ ಊಟ. ಒಂದೇ ಜಾತಿಯದೇ, ಜಠರದ ಆಮ್ಲ ತಾಗಿದೆಯೇ, ಮೈಯ ಯಾವ ಭಾಗದಲ್ಲಿದೆ ಅಂತ ನೋಡಬೇಕು. ಹೋಲ್ಟ್ಸ್‌ಮಾಡನ್‌ನ ಸ್ಟೆನಾಪ್ಟೆರಿಜಿಯಸ್ ಎಂಬ ಇಕ್ಥಿಯೋಸಾರ್ ತಾಯಂದಿರ ಹೊಟ್ಟೆಯಲ್ಲಿ ಇರುವುದು ಮರಿಗಳೇ. ಇಕ್ಥಿಯೋಸಾರ್ ಮೊಟ್ಟೆ ಇಡುತ್ತಿರಲಿಲ್ಲ, ಮರಿ ಹಾಕುತ್ತಿತ್ತು. ಚೀನಾದ ಆನ್ಹುಯಿಯಲ್ಲಿ ಸಿಕ್ಕ ಚಾವೋಹುಸಾರಸ್ ಎಂಬ 24.8 ಕೋಟಿ ವರ್ಷ ಹಳೆಯ ತಾಯಿ ಹೆರುತ್ತಿರುವಾಗಲೇ ಸತ್ತಿತ್ತು. ಮರಿಯ ತಲೆ ಮೊದಲು ಹೊರಗೆ ಬರುತ್ತಿತ್ತು. ಡಾಲ್ಫಿನ್ ಮರಿ ಸಾಮಾನ್ಯವಾಗಿ ಬಾಲ ಮೊದಲಾಗಿ ಹುಟ್ಟುತ್ತದೆ. ನೆಲದ ಪ್ರಾಣಿಗಳಲ್ಲಿ ತಲೆ ಮೊದಲು. ಆದ್ದರಿಂದ ಮರಿ ಹಾಕುವ ಪದ್ಧತಿ ನೆಲದ ಮೇಲಿದ್ದಾಗಲೇ ಬಂದಿರಬೇಕು ಅಂತ 2014ರಲ್ಲಿ ವಾದಿಸಿದರು. ಒಂದು ಮರಿಯ ತಲೆ ಯಾವ ಕಡೆಗಿದೆ ಎಂಬುದರಿಂದ ಇಷ್ಟು!

ಇದಕ್ಕೆ ಎದುರಾಗಿ ಇನ್ನೊಂದು ಉದಾಹರಣೆ. ಉತ್ತರ ಅಮೆರಿಕದ ಅಮೋನೈಟ್ ಚಿಪ್ಪುಗಳಲ್ಲಿ ಸಾಲಾಗಿ ದುಂಡನೆ ತೂತುಗಳಿದ್ದವು. ಮೋಸಸಾರ್ ಕಚ್ಚಿದ ಗುರುತು ಅಂತ 1960ರಲ್ಲಿ ಬರೆದರು. ಎಲ್ಲರೂ ಒಪ್ಪಿದರು, ಕಥೆ ಚೆನ್ನಾಗಿತ್ತು. 1998ರಲ್ಲಿ ಬೇರೆ ಸಂಶೋಧಕರು ಪರೀಕ್ಷೆ ಮಾಡಿ, ಎಷ್ಟೋ ತೂತುಗಳು ಚಿಪ್ಪಿಗೆ ಅಂಟಿಕೊಂಡಿದ್ದ ಪುಟ್ಟ ಲಿಂಪೆಟ್ ಬಸವನಹುಳುಗಳು ಕೊರೆದ ಗುಳಿ ಎಂದರು. ಜಗಳ ಪೂರ್ತಿ ಮುಗಿದಿಲ್ಲ. ಎರಡೂ ಕಡೆಯವರ ವಾದವನ್ನು ಓದಿ ನೀವೇ ಒಂದು ಪಕ್ಷ ಹಿಡಿದು ನೋಡಿ, ಒಳ್ಳೆಯ ಅಭ್ಯಾಸ.

ಹಂತ 9: ಕೊಳ್ಳಲು ಹೋಗಬೇಡಿ, ಹೋದರೂ ಒಂದು ಹಲ್ಲಿಗೆ ನಿಲ್ಲಿಸಿ

ಮೊರಾಕ್ಕೊದ ಖುರಿಬ್ಗಾ ಸುತ್ತಮುತ್ತಲ ಫಾಸ್ಫೇಟ್ ಗಣಿಗಳಿಂದ ಮೋಸಸಾರ್ ಹಲ್ಲು ರಾಶಿಗಟ್ಟಲೆ ಬರುತ್ತದೆ, ಅಗ್ಗಕ್ಕೂ ಸಿಗುತ್ತದೆ. ಬಿಡಿ ಹಲ್ಲು ಹೆಚ್ಚಾಗಿ ಅಸಲಿ. ಸಾಲು ಹಲ್ಲಿರುವ ದವಡೆ ಹೆಚ್ಚಾಗಿ ನಕಲಿ. ನಾನೂ ಒಂದು ಪ್ರದರ್ಶನದಲ್ಲಿ ಚೌಕಾಶಿ ಮಾಡಿ ಅಂಥ ದವಡೆ ತಂದು ಬೀಗಿದ್ದೆ. ಮಸೂರ ಹಿಡಿದು ನೋಡಿದರೆ ಮರಳಿಗೆ ಅಂಟು ಕಲಸಿ, ಬೇರೆ ಬೇರೆ ಪ್ರಾಣಿಗಳ ಹಲ್ಲು ನೆಟ್ಟಿದ್ದರು. ಬಿಸಿ ಸೂಜಿ ಚುಚ್ಚಿದಾಗ ಪ್ಲಾಸ್ಟಿಕ್ ವಾಸನೆ. ಈಗ ಅದನ್ನು ನಕಲಿ ಹೇಗಿರುತ್ತದೆ ಅಂತ ಮಕ್ಕಳಿಗೆ ತೋರಿಸಲು ಇಟ್ಟುಕೊಂಡಿದ್ದೇನೆ. ಚೀನಾದ ಪುಟ್ಟ ಕಡಲ ಸರೀಸೃಪ ಕೀಚೌಸಾರಸ್‌ಗಳಲ್ಲೂ ನಕಲಿ ಬಹಳ. ಚೀನಾದಿಂದ ಪಳೆಯುಳಿಕೆ ಹೊರಗೆ ತರಲು ಕಾನೂನಿನ ತಡೆಯೂ ಇದೆ.

ಹಂತ 10: ಕಲ್ಲಿನ ಹತ್ತಿರ ಹೋಗುವುದು

ಕರ್ನಾಟಕದಲ್ಲಿ ಹುಡುಕಬಹುದೇ ಅಂತ ಎಲ್ಲರೂ ಕೇಳುತ್ತಾರೆ. ಉತ್ತರ, ಇಲ್ಲ. ನಮ್ಮ ನೆಲದ ಬಹುಪಾಲು ಕಲ್ಲು 250 ಕೋಟಿ ವರ್ಷಕ್ಕಿಂತ ಹಳೆಯದು. ಶಹಾಬಾದ್ ಕಲ್ಲು ಕಡಲಲ್ಲೇ ಆದ ಸುಣ್ಣದಕಲ್ಲು ನಿಜ, ಆದರೆ ಬೆನ್ನುಮೂಳೆ ಇರುವ ಪ್ರಾಣಿ ಹುಟ್ಟುವುದಕ್ಕೂ ಮುಂಚಿನದು. ಚಪ್ಪಡಿಗಳ ಮೇಲೆ ಜರೀಗಿಡದಂತೆ ಕಾಣುವ ಕಪ್ಪು ಚಿತ್ತಾರ ಬರೀ ಖನಿಜದ್ದು. ಉತ್ತರದಲ್ಲಿರುವುದು ನೆಲದ ಮೇಲೆ ಹರಿದ ಲಾವಾ.

ಹತ್ತಿರದ ಸರಿಯಾದ ಜಾಗ ತಮಿಳುನಾಡಿನ ಅರಿಯಲೂರು, ಪೆರಂಬಲೂರು ಕಡೆ. ತಿರುಚ್ಚಿಗೆ ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಆ ಕಡೆ ಹೊರಡಬಹುದು. ಅಲ್ಲಿ ಕ್ರಿಟೇಶಿಯಸ್ ಕಾಲದ (ನಮ್ಮ ಗೋಡೆಯಲ್ಲಿ ಸುಮಾರು 145ರಿಂದ 66ರ ತನಕ) ಕಡಲ ಪದರಗಳು ನೆಲದ ಮೇಲೇ ಕಾಣುತ್ತವೆ. ಕಾರೈ ಹಳ್ಳಿಯ ಸುತ್ತ ಮಳೆ ಕೊರೆದ ಬರಡು ಜೇಡಿ ದಿಬ್ಬಗಳು, ಸಾತನೂರಿನಲ್ಲಿ ಕಲ್ಲಾಗಿ ಮಲಗಿರುವ 18 ಮೀಟರಿನ ಮರ. ಇದೇ ಪ್ರದೇಶದ ಕೆಲವು ಮಣಿಗಳನ್ನು ನೋಡಿ ಪಳೆಯುಳಿಕೆ ವಿಜ್ಞಾನಿ ರಿಚರ್ಡ್ ಲೈಡೆಕರ್ 1879ರಲ್ಲಿ ಇಕ್ಥಿಯೋಸಾರಸ್ ಇಂಡಿಕಸ್ ಎಂದು ಹೆಸರಿಟ್ಟರು. ಆ ಹೆಸರನ್ನು ಈಗಿನವರು ನೆಚ್ಚುವುದಿಲ್ಲ. ಮಣಿಯಿಂದ ಇಕ್ಥಿಯೋಸಾರ್ ಅಂತ ಹೇಳಬಹುದು, ಯಾವ ಜಾತಿ ಅಂತ ಹೇಳಲಾಗುವುದಿಲ್ಲ. ಮೂರನೇ ಹಂತದಲ್ಲಿ ನಾನು ಮಣಿಯನ್ನು ಅಷ್ಟು ಹೊಗಳಿದ್ದಕ್ಕೆ ಇದೂ ಸೇರಿಕೊಳ್ಳಲಿ.

ಅಲ್ಲಿ ನೋಡಿ, ಫೋಟೋ ತೆಗೆಯಿರಿ, ಕೀಳಬೇಡಿ. ಏನಾದರೂ ಮೂಳೆಯ ಹಾಗೆ ಕಂಡರೆ ಪಕ್ಕದಲ್ಲಿ ಒಂದು ನಾಣ್ಯವನ್ನೋ ಸ್ಕೇಲನ್ನೋ ಇಟ್ಟು ಹತ್ತಿರದಿಂದ, ದೂರದಿಂದ ಚಿತ್ರ ತೆಗೆಯಿರಿ. ಫೋನಿನಲ್ಲಿ ಜಾಗದ ಅಕ್ಷಾಂಶ ರೇಖಾಂಶ ಉಳಿಸಿ, ಸುತ್ತಲಿನ ಚಿಪ್ಪುಗಳನ್ನೂ ಚಿತ್ರದಲ್ಲಿ ಹಿಡಿಯಿರಿ. ಅದನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಗೋ ಭೂವಿಜ್ಞಾನ ವಿಭಾಗವಿರುವ ಯಾವುದಾದರೂ ವಿಶ್ವವಿದ್ಯಾಲಯಕ್ಕೋ ಕಳಿಸಿ. ಸಿಮೆಂಟ್ ಗಣಿಗಳ ಒಳಗೆ ಅನುಮತಿ ಇಲ್ಲದೆ ಕಾಲಿಡಬೇಡಿ.

ಇಂಗ್ಲೆಂಡಿನಲ್ಲಿರುವ ಕನ್ನಡಿಗರ ಅದೃಷ್ಟವೇ ಬೇರೆ. ಡಾರ್ಸೆಟ್‌ನ ಲೈಮ್ ರೀಜಿಸ್ ಮತ್ತು ಚಾರ್ಮತ್ ತೀರದಲ್ಲಿ ಬಿಡಿಯಾಗಿ ಬಿದ್ದ ಪಳೆಯುಳಿಕೆಯನ್ನು ಎತ್ತಿಕೊಳ್ಳಬಹುದು. ಮುಖ್ಯವಾದದ್ದು ಸಿಕ್ಕರೆ ನೋಂದಾಯಿಸಬೇಕು, ಬಂಡೆಯ ಗೋಡೆಯನ್ನು ಅಗೆಯಬಾರದು. ಪಳೆಯುಳಿಕೆ ಹುಡುಕಿ ಹೆಸರಾದ ಮೇರಿ ಆನಿಂಗ್ ಅವರ ಊರು ಲೈಮ್ ರೀಜಿಸ್. ಬಡಗಿಯ ಮಗಳು. 1811ರಲ್ಲಿ ಅಣ್ಣ ಜೋಸೆಫ್‌ಗೆ ಇಕ್ಥಿಯೋಸಾರ್ ತಲೆ ಸಿಕ್ಕಿತು, ಮರುವರ್ಷ ಮಿಕ್ಕ ಮೈಯನ್ನು ಮೇರಿ ಪತ್ತೆ ಮಾಡಿದರು. ಆಗ ಅವರಿಗೆ ಹನ್ನೆರಡು ಹದಿಮೂರು ವರ್ಷ. 1823ರಲ್ಲಿ ಅವರು ಹೊರತೆಗೆದ ಪ್ಲೀಸಿಯೋಸಾರ್‌ನ ಕತ್ತು ಎಷ್ಟು ಉದ್ದವಿತ್ತೆಂದರೆ, ಪ್ಯಾರಿಸ್ಸಿನ ಮಹಾಪಂಡಿತ ಕುವಿಯರ್ ಇದು ಜೋಡಿಸಿದ ನಕಲಿ ಇರಬೇಕೆಂದು ಅನುಮಾನಪಟ್ಟರು. ಆಮೇಲೆ ಒಪ್ಪಿಕೊಂಡರು. ಲಂಡನ್ನಿನ ಜಿಯಲಾಜಿಕಲ್ ಸೊಸೈಟಿ ಅದರ ಬಗ್ಗೆ ಸಭೆ ನಡೆಸಿತು, ಮೇರಿಯನ್ನು ಮಾತ್ರ ಸೇರಿಸಿಕೊಳ್ಳಲಿಲ್ಲ. ಆ ಸೊಸೈಟಿಯ ಸದಸ್ಯತ್ವ ಹೆಂಗಸರಿಗೆ ಸಿಕ್ಕಿದ್ದು 1919ರಲ್ಲಿ.

ಅಲ್ಲಿಗೆ ಹೋಗುವುದಾದರೆ ಚಳಿಗಾಲದಲ್ಲಿ, ಬಿರುಗಾಳಿ ಬಂದು ಹೋದ ಮೇಲೆ ಹೋಗಿ. ಅಲೆ ಹೊಸ ಕಲ್ಲುಗಳನ್ನು ತೊಳೆದಿಟ್ಟಿರುತ್ತದೆ. ಉಬ್ಬರ ಇಳಿತದ ಸಮಯವನ್ನು ಹಿಂದಿನ ರಾತ್ರಿಯೇ ನೋಡಿಕೊಳ್ಳಿ, ನೀರು ಇಳಿಯುತ್ತಿರುವಾಗ ಹೊರಟು ಏರುವ ಮುಂಚೆ ವಾಪಸ್ ಬನ್ನಿ. ಬಂಡೆಯ ಗೋಡೆಯ ಬುಡದಲ್ಲಿ ನಿಲ್ಲಬೇಡಿ, ಕುಸಿಯುತ್ತದೆ. ಕಪ್ಪು ಜೇಡಿಯ ರಾಶಿಯ ಮೇಲೆ ಕಾಲಿಟ್ಟರೆ ಮೊಣಕಾಲ ತನಕ ಹೂತುಹೋಗುತ್ತೀರಿ. ಎಲ್ಲರೂ ಮಿನುಗುವ ಅಮೋನೈಟ್ ಹುಡುಕುತ್ತಿರುತ್ತಾರೆ. ನೀವು ಕಪ್ಪಗೆ, ದುಂಡಗೆ, ಎರಡೂ ಕಡೆ ತಗ್ಗಿರುವ ಬಿಲ್ಲೆಗಳ ಮೇಲೆ ಕಣ್ಣಿಡಿ. ಸಿಕ್ಕರೆ ಪಕ್ಕದ ಉಬ್ಬು ಒಂದೋ ಎರಡೋ ಅಂತ ಮೊದಲು ಎಣಿಸಿ.